ದಂಡಿನ ಪೇಟೆಯ ಆಂಗ್ಲ ಭಕ್ಷ್ಯಗಳು

ಗೌರಿಬಿದನೂರು ತಾಲ್ಲೂಕಿನ ಅಲೀಪುರದವರಿಗೆ ಬೆಂಗಳೂರು ದೂರದ ಊರೇನೂ ಅಲ್ಲ. ತೊಂಡೇಭಾವಿಯಲ್ಲಿ ರೈಲು ಹತ್ತಿದವರು ಯಲಹಂಕದ ಮಾರ್ಗವಾಗಿ ಹೊತ್ತೇರುವುದರೊಳಗೆ ಪಟ್ಟಣವನ್ನು ಸೇರಬಹುದು. ಅಲೀಪುರವು ಬಹುಮಟ್ಟಿಗೆ ಶಿಯಾ ಮುಸಲ್ಮಾನರ ಊರು. ಹರಳುಗಳನ್ನು ಕೊರೆದು, ಮೆರುಗು ಕೊಟ್ಟು, ಮಾರುವ ಕಸಬು ಅಲ್ಲಿಯ ಅನೇಕ ಮನೆಗಳ ಜೀವನಾಧಾರ. ಈ ವ್ಯಾಪಾರಕ್ಕಾಗಿ ಸಮುದ್ರವನ್ನು ದಾಟುವವರೂ ಅಲ್ಲಿ ಉಂಟು. ಸುತ್ತಣ ಹಳ್ಳಿಗಳ ಒಕ್ಕಲಿಗರೂ ವರ್ತಕರೂ ಅದೇ ರೈಲಿನಲ್ಲಿ ಬಟ್ಟೆಬರೆಗೆಂದೋ, ಆಸ್ಪತ್ರೆಗೆಂದೋ, ಮಕ್ಕಳ ಕಾಲೇಜಿಗೆಂದೋ ಬೆಂಗಳೂರಿಗೆ ಹೋಗಿಬರುತ್ತಾರೆ. ಹೋದವರು ತಮಗೆ ಪರಿಚಿತವಾದ ಬಿರಿಯಾನಿಯನ್ನೋ ಇಡ್ಲಿಯನ್ನೋ ಸೇವಿಸಿ ಸಂಜೆಯ ಗಾಡಿಗೆ ಹಿಂತಿರುಗುವುದು ವಾಡಿಕೆ.

ಆದರೆ ಅದೇ ಬೆಂಗಳೂರಿನ ದಂಡಿನ ಭಾಗದಲ್ಲಿ ಎರಡು ಶತಮಾನಗಳಿಂದ ಬೆಳೆದುಬಂದ ಬೇರೊಂದು ಪಾಕಪದ್ಧತಿಯಿದೆ. ಅದು ಆಂಗ್ಲೇಯರು ತಂದು ಬಿಟ್ಟುಹೋದದ್ದು. ಅದರ ಮುಂದೆ ನಮ್ಮವರು ಸಂಕೋಚದಿಂದ ಹಾದುಹೋಗುತ್ತಾರೆ. ಆ ಸಂಕೋಚಕ್ಕೆ ಕಾರಣವು ರುಚಿಯಲ್ಲ, “ಇದರಲ್ಲಿ ಏನು ಹಾಕಿದ್ದಾರೋ?” ಎಂಬ ಶಂಕೆ. ಈ ಶಂಕೆಯು ನ್ಯಾಯವಾದದ್ದೇ. ಹಲಾಲ್ ನಿಯಮವನ್ನು ಪಾಲಿಸುವ ಮನೆಯವರಾಗಲಿ, ಮೊಟ್ಟೆಯನ್ನೂ ಮುಟ್ಟದ ಮನೆಯವರಾಗಲಿ, ಕಾಣದ ಪದಾರ್ಥವನ್ನು ಕಣ್ಣುಮುಚ್ಚಿ ತಿನ್ನಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಯಾವುದರೊಳಗೆ ಏನಿದೆಯೆಂಬುದನ್ನು ತಿಳಿದುಕೊಂಡರೆ ಮಾತ್ರ, ಬಿಡತಕ್ಕದ್ದು ತೀರ ಕೊಂಚವೆಂದೂ ಸವಿಯತಕ್ಕದ್ದು ಬಹಳವೆಂದೂ ಗೊತ್ತಾಗುತ್ತದೆ.

ಶ್ರೀರಂಗಪಟ್ಟಣದ ಹವೆ ಒಗ್ಗದೆ, ಆಂಗ್ಲ ಸೇನೆಯು 1809ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. ಕೋಟೆ ಮತ್ತು ಪೇಟೆಗಳಿಂದ ದೂರವಾಗಿ, ಹಲಸೂರಿನ ಕಡೆಯಲ್ಲಿ ‘ದಂಡು’ ಬೆಳೆಯಿತು. ದೊರೆಗಳು ಬಂದರು, ಅವರೊಡನೆ ಅವರ ಹಸಿವೂ ಬಂದಿತು. ಆದರೆ ಒಲೆಯ ಮುಂದೆ ನಿಂತು ಬೇಯಿಸಿದವರು ಇಲ್ಲಿಯವರೇ. ಮದರಾಸಿನ ಕಡೆಯಿಂದ ಬಂದ ಕುಶಿನಿಕಾರರು, ಮುಸಲ್ಮಾನ ಬಬರ್ಚಿಗಳು, ಗೋವೆಯ ಬಟ್ಲರುಗಳು ಇವರೆಲ್ಲರೂ ಸೇರಿ ಇಂಗ್ಲೆಂಡಿನ ಅಡಿಗೆಯನ್ನು ಕಲಿತರು. ಕಲಿಯುತ್ತ ಅದಕ್ಕೆ ಒಂದಿಷ್ಟು ಮೆಣಸು, ಶುಂಠಿ, ಹಸಿಮೆಣಸಿನಕಾಯಿಗಳನ್ನೂ ಸೇರಿಸಿದರು. ಹೊರಗಿನಿಂದ ಬಂದ ಪದಾರ್ಥಕ್ಕೆಲ್ಲ ನಮ್ಮ ಜನರು ‘ಸೀಮೆ’ಯೆಂಬ ಪದವನ್ನು ಅಂಟಿಸಿದರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಈ ಸೀಮೆಬದನೆಯು ಇಂಗ್ಲೆಂಡಿನದೂ ಅಲ್ಲ, ಅಮೆರಿಕಾ ಖಂಡದ್ದು. ತಮಿಳರಾದರೋ ಅದನ್ನು ‘ಬೆಂಗಳೂರು ಕತ್ತರಿಕಾಯಿ’ಯೆಂದು ಕರೆದು ಆ ಕೀರ್ತಿಯನ್ನೂ ನಮಗೇ ಕೊಟ್ಟುಬಿಟ್ಟಿದ್ದಾರೆ! ದೊರೆಗಳ ಮೇಜಿನ ಆಲೂಗೆಡ್ಡೆ, ಕೋಸು, ಗಜ್ಜರಿ, ಹುರುಳಿಕಾಯಿಗಳು ಇಂದು ಚಿಕ್ಕಬಳ್ಳಾಪುರದ ಸೀಮೆಯ ಹೊಲಗಳಿಂದಲೇ ಬೆಂಗಳೂರಿನ ಮಾರುಕಟ್ಟೆಯನ್ನು ಸೇರುತ್ತವೆ. ಆದುದರಿಂದ ಈ ಅಡಿಗೆಯು ನಮಗೆ ತೀರ ಪರಕೀಯವೆಂದು ಹೇಳಲಾಗದು.

ಕೆಲವು ಭಕ್ಷ್ಯಗಳಂತೂ ನಮ್ಮಲ್ಲಿಂದಲೇ ಹೋಗಿ ವೇಷವನ್ನು ಬದಲಾಯಿಸಿಕೊಂಡು ಬಂದವು. ‘ಮಲ್ಲಿಗಟಾನಿ’ ಸೂಪೆಂಬುದು ತಮಿಳಿನ ‘ಮಿಳಗು ತಣ್ಣೀರ್’, ಎಂದರೆ ಮೆಣಸಿನ ನೀರು. ನಮ್ಮ ಮನೆಯಲ್ಲಿ ನೆಗಡಿಯಾದಾಗ ಕಾಯಿಸುವ ಮೆಣಸಿನ ಸಾರೇ ಅದರ ಮೂಲ. ಊಟದ ಮೊದಲಿಗೆ ಸೂಪು ಇರಲೇಬೇಕೆಂಬುದು ಆಂಗ್ಲೇಯರ ಪದ್ಧತಿ. ಸಾರನ್ನು ಅನ್ನಕ್ಕೆ ಕಲಸಿಕೊಳ್ಳದೆ ಬಟ್ಟಲಿನಲ್ಲಿ ಕುಡಿಯತೊಡಗಿದಾಗ ಅವರು ಅದಕ್ಕೆ ಮಾಂಸದ ರಸವನ್ನೂ ಬೇಳೆಯನ್ನೂ ಸೇರಿಸಿ ಗಟ್ಟಿಮಾಡಿದರು. ‘ಕೆಜರೀ’ಯೂ ಹಾಗೆಯೇ. ಕಿಚಡಿಯು ವಿಲಾಯತಿಗೆ ಹೋಗಿ, ಬೇಳೆಯನ್ನು ಬಿಟ್ಟು, ಹೊಗೆಯಾಡಿಸಿದ ಮೀನನ್ನೂ ಬೇಯಿಸಿದ ಮೊಟ್ಟೆಯನ್ನೂ ಸೇರಿಸಿಕೊಂಡು ಅಲ್ಲಿಯ ಶ್ರೀಮಂತರ ಬೆಳಗಿನ ಉಪಾಹಾರವಾಯಿತು. ಬೇಳೆಯಿಲ್ಲದ ಕಿಚಡಿಯನ್ನು ನಮ್ಮ ಅಜ್ಜಿಯಂದಿರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಅಲೀಪುರದ ಪ್ರವಾಸಿಯು ಮೊದಲು ಹೋಗಬೇಕಾದ ಸ್ಥಳವು ಫ್ರೇಜರ್ ಟೌನು. 1898ರ ಪ್ಲೇಗು ಮಾರಿಯ ತರುವಾಯ ಇಕ್ಕಟ್ಟಿನಿಂದ ಜನರನ್ನು ಬಿಡಿಸುವುದಕ್ಕಾಗಿ ನಿರ್ಮಿಸಿದ ಈ ಬಡಾವಣೆಗೆ ಈಗ ಪುಲಕೇಶಿನಗರವೆಂಬ ಹೆಸರೂ ಇದೆ. ದಂಡು ರೈಲು ನಿಲ್ದಾಣದಿಂದ ಅಷ್ಟೇನೂ ದೂರವಿಲ್ಲ. ಅಲ್ಲಿಯ ಮಸೀದಿ ರಸ್ತೆಯಲ್ಲಿ ಆಲ್ಬರ್ಟ್ ಬೇಕರಿಯಿದೆ. 1902ರಲ್ಲಿ ಸ್ಥಾಪಿತವಾದ ಇದು ಹೆಸರಿನಲ್ಲಿ ಆಂಗ್ಲ. ನಡೆಸಿಕೊಂಡು ಬಂದದ್ದು ಮುಸಲ್ಮಾನ ಮನೆತನ. ಕ್ರೈಸ್ತರ ಗುಡ್ ಫ್ರೈಡೆ ಬಂದಿತೆಂದರೆ ಇಲ್ಲಿ ‘ಹಾಟ್ ಕ್ರಾಸ್ ಬನ್ನು’ಗಳಿಗಾಗಿ ಜನರು ಸಾಲುಗಟ್ಟಿ ನಿಲ್ಲುತ್ತಾರೆ. ದಾಲ್ಚಿನ್ನಿ ಮೊದಲಾದ ಮಸಾಲೆಯನ್ನೂ ಒಣದ್ರಾಕ್ಷಿಯನ್ನೂ ಹಾಕಿ, ನೆತ್ತಿಯ ಮೇಲೆ ಶಿಲುಬೆಯ ಗುರುತನ್ನು ಎಳೆದು ಸುಟ್ಟ ಸಿಹಿಯಾದ ಬನ್ನು ಇದು. ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಆ ಹಬ್ಬದ ವಿಶೇಷ ತಿನಿಸು. ಒಂದು ಮತದವರ ಉಪವಾಸದ ದಿನದ ಬನ್ನನ್ನು ಮತ್ತೊಂದು ಮತದವರು ಶ್ರದ್ಧೆಯಿಂದ ಸುಡುತ್ತಾರೆ, ಮೂರನೆಯವರು ಕೊಂಡು ತಿನ್ನುತ್ತಾರೆ. ದಂಡಿನ ಪೇಟೆಯಲ್ಲಿ ಇದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ.

ವರ್ಷವೆಲ್ಲ ಅಲ್ಲಿ ದೊರೆಯುವುದು ಪಫ್. ಮೈದಾ ಹಿಟ್ಟನ್ನೂ ಕೊಬ್ಬನ್ನೂ ಪದರಪದರವಾಗಿ ಮಡಿಸಿ ಲಟ್ಟಿಸಿ, ಒಳಗೆ ಕೈಮಾವನ್ನಿಟ್ಟು ಸುಟ್ಟದ್ದು. ಕುರಿಯ ಮಿದುಳನ್ನು ತುಂಬಿದ ಪಫ್ ಈ ಅಂಗಡಿಯ ಹೆಸರುವಾಸಿಯಾದ ಪದಾರ್ಥ. ಮಿದುಳೆಂದೊಡನೆ ಮುಖ ಸಿಂಡರಿಸುವವರು ಕೈಮಾದ್ದನ್ನೇ ತೆಗೆದುಕೊಳ್ಳಲಿ. ಮಧ್ಯಾಹ್ನದ ಮೇಲೆ ತೆರೆಯುವುದು ಈ ಅಂಗಡಿಯ ವಾಡಿಕೆ. ಬೆಳಗ್ಗೆ ಹೋದವರು ಮುಚ್ಚಿದ ಬಾಗಿಲನ್ನು ನೋಡಿ ಬರಬೇಕಾದೀತು.

ಮಾಂಸವನ್ನೂ ಮೊಟ್ಟೆಯನ್ನೂ ಒಲ್ಲದವರಿಗೆ ದಾರಿಯನ್ನು ತೋರಿಸಿದವರು ಹಾಸನದ ಕಡೆಯ ಅಯ್ಯಂಗಾರರು. ಚಿಕ್ಕಪೇಟೆಯ ಬಿ. ಬಿ. ಬೇಕರಿಯು 1898ರಲ್ಲಿ ಆರಂಭವಾಯಿತು. ಅದನ್ನು ಸ್ಥಾಪಿಸಿದ ತಿರುಮಲಾಚಾರ್ಯರಿಗೆ ರೊಟ್ಟಿ ಸುಡುವ ವಿದ್ಯೆಯನ್ನು ಒಬ್ಬ ಆಂಗ್ಲೇಯನು ಹೇಳಿಕೊಟ್ಟನೆಂದು ಪ್ರತೀತಿ. ಆಚಾರವಂತರು ಕಲಿತದ್ದು ಆಂಗ್ಲ ವಿದ್ಯೆ. ಆದರೆ ಮೊಟ್ಟೆಯನ್ನು ಹೊರಗಿಟ್ಟರು. ಬನ್ನಿನ ಹೊಟ್ಟೆಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು ಸೇರಿ ಖಾರದ ಬನ್ನಾಯಿತು. ಆಲೂಗೆಡ್ಡೆಯ ಪಲ್ಯ ಸೇರಿ ಪಲ್ಯದ ಬನ್ನಾಯಿತು. ಇಂದು ಕರ್ನಾಟಕದ ಯಾವ ಸಣ್ಣ ಊರಿನಲ್ಲಿಯೂ ಅಯ್ಯಂಗಾರ್ ಬೇಕರಿಯ ಫಲಕವು ಕಾಣದಿರುವುದು ಅಪರೂಪ. ಲಂಡನ್ನಿನ ಬನ್ನಿಗಿಂತ ಖಾರದ ಬನ್ನು ಮೇಲೆಂಬುದು ಈ ಲೇಖಕನ ನಿಶ್ಚಿತವಾದ ಅಭಿಪ್ರಾಯ, ಆಂಗ್ಲೇಯರು ಕೋಪಿಸಿಕೊಳ್ಳದಿರಲಿ.

ಮೊಟ್ಟೆಯನ್ನು ಬಿಟ್ಟರೆ ಆಂಗ್ಲ ಭಕ್ಷ್ಯವೇ ಇಲ್ಲವೆಂದು ತಿಳಿದವರಿಗೆ ಒಂದು ಸಂಗತಿ. ಬರ್ಮಿಂಗ್‌ಹ್ಯಾಮ್ ನಗರದ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿಯ ಹೆಂಡತಿಗೆ ಮೊಟ್ಟೆಯೂ ಹುದುಗು ಬರಿಸುವ ಯೀಸ್ಟೂ ಮೈಗೆ ಒಗ್ಗುತ್ತಿರಲಿಲ್ಲ. ಆಕೆಗಾಗಿ ಅವನು 1837ರಲ್ಲಿ ಮುಸುಕಿನ ಜೋಳದ ಹಿಟ್ಟಿನಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನು ಮಾಡಿದನು; ಕೆಲವು ವರ್ಷಗಳ ತರುವಾಯ ಯೀಸ್ಟಿಲ್ಲದೆ ರೊಟ್ಟಿಯನ್ನು ಉಬ್ಬಿಸುವ ಪುಡಿಯನ್ನೂ ಮಾಡಿದನು. ಹೆಂಡತಿಯ ಪಥ್ಯಕ್ಕಾಗಿ ಮಾಡಿದ ಆ ಪುಡಿಯ ವಂಶಕ್ಕೆ ಸೇರಿದ್ದೇ ಇಂದು ನಮ್ಮ ಮದುವೆ ಮನೆಗಳಲ್ಲಿ ಹಣ್ಣಿನ ರಸಾಯನದ ಮೇಲೆ ಸುರಿಯುವ ಹಳದಿಯ ಕಸ್ಟರ್ಡು. ಆದರೆ ಹೋಟಲುಗಳಲ್ಲಿ ಕೊಡುವ ‘ಕ್ಯಾರಮೆಲ್ ಕಸ್ಟರ್ಡ್’ ಬೇರೆ. ಅದು ಮೊಟ್ಟೆಯಿಂದಲೇ ಗಟ್ಟಿಯಾಗುವಂಥದು.

ಕುರ್ಚಿಯಲ್ಲಿ ಕುಳಿತು ನಿಧಾನವಾಗಿ ಊಟಮಾಡಬೇಕೆನ್ನುವವರಿಗೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಇದೆ. ಕೇರಳ ಮೂಲದ ಪಿ. ಓ. ಕೋಶಿಯವರು 1940ರ ಸುಮಾರಿನಲ್ಲಿ ಬೇಕರಿಯೊಂದನ್ನು ಆರಂಭಿಸಿದರು. ಅದೇ ಮುಂದೆ ಈ ಊಟದ ಮನೆಯಾಯಿತು. ಹುರಿದ ಕೋಳಿ, ಕಟ್ಲೆಟ್, ಕರಿದ ಮೀನು, ಟೋಸ್ಟು ಮುಂತಾದ ಹಳೆಯ ದಂಡಿನ ಪದಾರ್ಥಗಳು ಕೇರಳದ ಮೀನಿನ ಸಾರಿನ ಪಕ್ಕದಲ್ಲೇ ಅಲ್ಲಿ ದೊರೆಯುತ್ತವೆ. ಮಾಂಸದ ವಿಷಯದಲ್ಲಿ ನಿಯಮವುಳ್ಳವರು ಇಂತಹ ಯಾವ ಹೋಟಲಿನಲ್ಲಿಯೂ ಬಡಿಸುವವನನ್ನು ಮೊದಲೇ ವಿಚಾರಿಸತಕ್ಕದ್ದು. ವಿಚಾರಿಸುವುದರಲ್ಲಿ ಅವಮಾನವೇನೂ ಇಲ್ಲ; ಬಡಿಸುವವರಿಗೆ ಈ ಪ್ರಶ್ನೆಯು ಹೊಸದೂ ಅಲ್ಲ.

ಆದರೆ ಎಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ, ನಂಬಿದ ಅಂಗಡಿಯ ಮಾಂಸವನ್ನು ತಂದು ಮನೆಯಲ್ಲೇ ಮಾಡಿಕೊಳ್ಳುವುದು. ಇದಕ್ಕೆ ‘ಶೆಫರ್ಡ್ಸ್ ಪೈ’ ತಕ್ಕದ್ದು. ಕುರುಬನ ಪೈ ಎಂದು ಅದರ ಅರ್ಥ. ಆದುದರಿಂದ ಅದಕ್ಕೆ ಕುರಿಯ ಮಾಂಸವೇ ಸಲ್ಲತಕ್ಕದ್ದು. ಇದೇ ಆಕಾರದಲ್ಲಿ ಗೋಮಾಂಸದಿಂದ ಮಾಡಿದ್ದಕ್ಕೆ ‘ಕಾಟೇಜ್ ಪೈ’ ಎಂದು ಹೆಸರು. ಇಂಗ್ಲೆಂಡಿಗೆ ಹೋಗುವ ಹಿಂದೂಗಳು ಈ ಎರಡು ಹೆಸರುಗಳ ಭೇದವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಅರ್ಧ ಕಿಲೋ ಕುರಿಯ ಕೈಮಾ, ಮುಕ್ಕಾಲು ಕಿಲೋ ಆಲೂಗೆಡ್ಡೆ, ಎರಡು ಈರುಳ್ಳಿ, ಎರಡು ಗಜ್ಜರಿ, ಒಂದು ಹಿಡಿ ಬಟಾಣಿ, ಸುಮಾರು 50 ಗ್ರಾಂ ಬೆಣ್ಣೆ ಇಷ್ಟಿದ್ದರೆ ಐದಾರು ಜನರಿಗೆ ಸಾಕು. ಹೆಚ್ಚಿದ ಈರುಳ್ಳಿ ಗಜ್ಜರಿಗಳನ್ನು ಅರ್ಧ ಬೆಣ್ಣೆಯಲ್ಲಿ ಬಾಡಿಸಿ, ಕೈಮಾವನ್ನು ಹಾಕಿ ಕೆಂಪಗಾಗುವವರೆಗೆ ಹುರಿಯಬೇಕು. ಒಂದು ಚಮಚ ಮೈದಾ, ಉಪ್ಪು, ಕುಟ್ಟಿದ ಮೆಣಸು, ಒಂದು ಲೋಟ ನೀರು ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಕೊನೆಯಲ್ಲಿ ಬಟಾಣಿಯನ್ನು ಹಾಕಬೇಕು. ಆಂಗ್ಲೇಯರು ಇದಕ್ಕೆ ವೂಸ್ಟರ್ ಸಾಸನ್ನು ಹಾಕುತ್ತಾರೆ. ಆ ಸಾಸಿನಲ್ಲಿ ನಮ್ಮ ಹುಣಿಸೆಯೂ ಇದೆ, ಸಣ್ಣ ಮೀನೂ ಇದೆ. ಒಲ್ಲದವರು ಒಂದು ಚಮಚ ಹುಣಿಸೆಯ ರಸವನ್ನು ಹಾಕಿದರೆ ಸಾಕು. ಬೇಯಿಸಿದ ಆಲೂಗೆಡ್ಡೆಯನ್ನು ಉಳಿದ ಬೆಣ್ಣೆ, ಸ್ವಲ್ಪ ಹಾಲು, ಉಪ್ಪುಗಳೊಡನೆ ಗಂಟಿಲ್ಲದಂತೆ ಮಸೆದು, ಅಗಲವಾದ ಪಾತ್ರೆಯಲ್ಲಿ ಹರಡಿದ ಕೈಮಾದ ಮೇಲೆ ಮೆತ್ತಿ, ಮುಳ್ಳುಚಮಚದಿಂದ ಗೆರೆ ಎಳೆದು, 200 ಡಿಗ್ರಿ ಕಾವಿನ ಒಲೆಪೆಟ್ಟಿಗೆಯಲ್ಲಿ ಅರ್ಧ ಗಂಟೆ ಇಡಬೇಕು. ಒಲೆಪೆಟ್ಟಿಗೆ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೆ ಕೆಂಡವನ್ನು ಹರಡಿದರೆ ಮೇಲ್ಭಾಗವು ಹೊಂಬಣ್ಣಕ್ಕೆ ಬರುತ್ತದೆ. ಶಾಕಾಹಾರಿಗಳು ಕೈಮಾದ ಸ್ಥಾನದಲ್ಲಿ ಹಿತುಕಿದ ಅವರೆಬೇಳೆಯನ್ನು ಇಟ್ಟು ನೋಡಲಿ. ಅವರೆಕಾಯಿಯ ಕಾಲದಲ್ಲಿ ಅದು ಮೂಲವನ್ನೂ ಮೀರಿಸುತ್ತದೆ.

ಇನ್ನು ಹರಳಿನ ವ್ಯಾಪಾರಕ್ಕೋ ವಿದ್ಯೆಗೋ ಲಂಡನ್ ನಗರದವರೆಗೂ ಹೋಗುವವರಿಗೆ ಎರಡು ಮಾತು. ಅಲ್ಲಿಯ ಸುಪ್ರಸಿದ್ಧವಾದ ಆಹಾರವು ‘ಫಿಶ್ ಅಂಡ್ ಚಿಪ್ಸ್’: ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ದಪ್ಪವಾಗಿ ಸೀಳಿ ಕರಿದ ಆಲೂಗೆಡ್ಡೆ. ಹೀಗೆ ಮೀನು ಕರಿಯುವ ಕ್ರಮವನ್ನು ಇಂಗ್ಲೆಂಡಿಗೆ ತಂದವರು ಸ್ಪೇನ್, ಪೋರ್ಚುಗಲ್ ದೇಶಗಳಿಂದ ಓಡಿಬಂದ ಯೆಹೂದ್ಯರೆಂದು ಹೇಳುತ್ತಾರೆ. ಶಿಯಾ ಪಂಥದ ನಿಯಮದಂತೆ ಹುರುಪೆಯಿಲ್ಲದ ಮೀನು ನಿಷಿದ್ಧ, ಸಿಗಡಿಗೆ ವಿನಾಯಿತಿಯುಂಟು. ಕಾಡ್, ಹ್ಯಾಡಕ್ ಎಂಬ ಮೀನುಗಳಿಗೆ ಹುರುಪೆಯಿದೆ. ಆದರೆ ‘ರಾಕ್ ಸ್ಯಾಮನ್’ ಎಂಬ ಚೆಂದದ ಹೆಸರಿನಲ್ಲಿ ಮಾರುವುದು ಸ್ಯಾಮನ್ ಮೀನಲ್ಲ. ಅದು ಸಣ್ಣ ಜಾತಿಯ ಶಾರ್ಕು. ಹೆಸರಿಗೆ ಮರುಳಾದವರು ನಿಯಮವನ್ನು ತಪ್ಪುವುದು ಇಲ್ಲಿಯೇ. ಲಂಡನ್ನಿನ ಪೂರ್ವಭಾಗದ ಹಳೆಯ ತಿನಿಸಾದ, ತಣ್ಣಗೆ ಗಟ್ಟಿಯಾದ ರಸದೊಳಗಿನ ಹಾವುಮೀನನ್ನೂ ಅವರು ಬಿಡಬೇಕಾಗುತ್ತದೆ. ಮೀನು ಸರಿಯಾಗಿದ್ದರೂ, ಕರಿಯುವುದು ಎಣ್ಣೆಯಲ್ಲೋ ಗೋವಿನ ಕೊಬ್ಬಿನಲ್ಲೋ ಎಂದು ಕೇಳಬೇಕು; ಇಂಗ್ಲೆಂಡಿನ ಉತ್ತರಭಾಗದಲ್ಲಿ ಕೊಬ್ಬಿನ ರೂಢಿ ಹೆಚ್ಚು. ಹಿಟ್ಟಿಗೆ ಬಿಯರನ್ನು ಬೆರೆಸುವ ಅಂಗಡಿಗಳೂ ಉಂಟು. ಆವಿಯಲ್ಲಿ ಬೇಯಿಸುವ ಹಳೆಯ ಮಾದರಿಯ ಪುಡ್ಡಿಂಗುಗಳಿಗೆ ಪ್ರಾಣಿಯ ಕೊಬ್ಬನ್ನು ತುರಿದು ಹಾಕುತ್ತಾರೆ. ‘ಬ್ಲಾಕ್ ಪುಡ್ಡಿಂಗ್’ ಎಂಬುದು ಸಿಹಿಯೇ ಅಲ್ಲ, ರಕ್ತದಿಂದ ಮಾಡಿದ್ದು. ಇವುಗಳ ಹೊರತಾಗಿ ಬೆಣ್ಣೆ, ಜಾಮು, ಕೆನೆಗಳೊಡನೆ ಕೊಡುವ ಸ್ಕೋನ್, ಸೌತೆಕಾಯಿಯ ಸ್ಯಾಂಡ್‌ವಿಚ್, ಸೇಬಿನ ‘ಕ್ರಂಬಲ್’ ಇವುಗಳಿಂದ ಯಾರಿಗೂ ಹೆಚ್ಚಿನ ಬಾಧಕವಿಲ್ಲ. ಸ್ಕೋನಿನಲ್ಲಿ ಮೊಟ್ಟೆಯಿದೆಯೇ ಎಂದಷ್ಟನ್ನೇ ಕೆಲವರು ಕೇಳಬೇಕು.

ಲಂಡನ್ನಿನ ಅಡಿಗೆಗೂ ನಮ್ಮ ಅಡಿಗೆಗೂ ನಡುವೆ ಸೇತುವೆಯಂತಿದ್ದವು ಆಂಗ್ಲೋ-ಇಂಡಿಯನ್ ಮನೆಗಳು. ಡಿ. ಎಸ್. ವೈಟ್ ಎಂಬವರ ಪ್ರಯತ್ನದಿಂದ 1882ರಲ್ಲಿ ಆ ಸಮಾಜದವರಿಗಾಗಿ ವೈಟ್‌ಫೀಲ್ಡ್ ಗ್ರಾಮವು ಹುಟ್ಟಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೂ ಅವರ ಮನೆಗಳು ಬಹಳವಿದ್ದವು. 1947ರ ತರುವಾಯ ಅನೇಕ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಹೊರಟುಹೋದವು. ಮನೆ ಖಾಲಿಯಾದಾಗ ಒಲೆಯೂ ಆರಿತು. ಗಣಿಯ ಊರಿನಲ್ಲಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಅವರು ಆ ಮನೆಗಳ ಅಡಿಗೆಯನ್ನು ಪುಸ್ತಕಗಳಲ್ಲಿ ಬರೆದಿಟ್ಟಿರುವುದರಿಂದ, ಕೈಬಾಯಿಯಿಂದಷ್ಟೇ ನಡೆದು ಬಂದಿದ್ದ ಎಷ್ಟೋ ಪಾಕಗಳು ಉಳಿದಿವೆ. ಹೋಟಲುಗಳಿಗಿಂತ ಇಂತಹ ಗೃಹಿಣಿಯರಿಗೆ ನಾವು ಹೆಚ್ಚು ಋಣಿಗಳು.

ಕ್ರಿಸ್ಮಸ್ಸಿನ ಕಾಲದಲ್ಲಿ ಬೆಂಗಳೂರಿಗೆ ಬಂದವರು ‘ಪ್ಲಮ್ ಕೇಕ’ನ್ನು ನೋಡದೆ ಹೋಗಲಾರರು. ಅದರಲ್ಲಿ ಪ್ಲಮ್ ಹಣ್ಣು ಇರಲೇಬೇಕೆಂದಿಲ್ಲ; ಹಿಂದೆ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೇ ಆ ಹೆಸರು ಸಲ್ಲುತ್ತಿತ್ತು. ಹಣ್ಣುಗಳನ್ನು ವಾರಗಟ್ಟಲೆ ರಮ್ಮಿನಲ್ಲಿ ನೆನೆಸುವುದು ಹಳೆಯ ಕ್ರಮ. ಮದ್ಯವನ್ನು ಒಲ್ಲದವರು ಕೊಳ್ಳುವ ಮೊದಲು ವಿಚಾರಿಸಬೇಕು. ಮನೆಯಲ್ಲಿ ಮಾಡುವವರು ನಮ್ಮ ಜಿಲ್ಲೆಯ ‘ಬೆಂಗಳೂರು ನೀಲಿ’ ದ್ರಾಕ್ಷಿಯ ರಸದಲ್ಲಿ ಒಂದು ರಾತ್ರಿ ನೆನೆಸಿದರೆ ಬಣ್ಣವೂ ಪರಿಮಳವೂ ಚೆನ್ನಾಗಿ ಬರುತ್ತವೆ. ಊರಿಗೆ ಕಟ್ಟಿಸಿಕೊಂಡು ಹೋಗುವುದಕ್ಕೆ ಈ ಕೇಕು ಬಹಳ ದಿನ ಕೆಡದು, ರಸ್ಕು ಅದಕ್ಕಿಂತಲೂ ಹೆಚ್ಚು ದಿನ; ಬನ್ನು ಮರುದಿನಕ್ಕೆ ಸರಿ. ಪಫ್ ಮಾತ್ರ ಆರಿದರೆ ಅದರ ಪದರವು ಮೆತ್ತಗಾಗಿಬಿಡುವುದರಿಂದ, ಮನೆಯಲ್ಲಿರುವ ಮಕ್ಕಳ ನೆನಪು ಎಷ್ಟೇ ಬಂದರೂ, ರೈಲು ಯಲಹಂಕವನ್ನು ದಾಟುವ ಮೊದಲೇ ತಿಂದು ಮುಗಿಸತಕ್ಕದ್ದು.