ಬೀಭತ್ಸಕ್ಕೊಂದು ಹೊಸ ಉದಾಹರಣೆ: ‘ಸ್ಕ್ರೀಮ್ ಬ್ಲಡಿ ಗೋರ್’

ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿ ನವರಸಗಳನ್ನು ಕುರಿತು ಬರೆಯುವಾಗ ಶೃಂಗಾರಕ್ಕೂ ವೀರಕ್ಕೂ ಉದಾಹರಣೆಗಳು ಧಾರಾಳವಾಗಿ ಒದಗುತ್ತವೆ. ಬೀಭತ್ಸಕ್ಕೆ ಬಂದೊಡನೆ ಲೇಖನಿ ತಡೆಯುತ್ತದೆ. ಅದರ ಸ್ಥಾಯೀಭಾವ ಜುಗುಪ್ಸೆ, ಅಂದರೆ ಹೇಸಿಗೆ. ಉಮರ್ಗಾ, ನಿಲಂಗಾ, ಉದಗೀರಗಳ ದ್ವಿಭಾಷಿಕ ವಿದ್ಯಾರ್ಥಿಗೆ ಮರಾಠಿಯ ‘ಕಿಳಸ’ ಎಂಬ ಮಾತೂ ಪರಿಚಿತವೇ. ಹೇಸಿಗೆ ಹುಟ್ಟಿಸುವ ವಸ್ತುವಿನಿಂದ ಮನುಷ್ಯನು ಮುಖ ತಿರುಗಿಸುತ್ತಾನೆ. ಹಾಗಿರುವಾಗ ಅದು ಆಸ್ವಾದ್ಯವಾಗುವುದು ಹೇಗೆ? ಪಠ್ಯದ ಹೊರಗಿನ ಒಂದು ಸಂಗೀತಕೃತಿ ಈ ಪ್ರಶ್ನೆಯನ್ನು ಬಿಡಿಸಲು ನೆರವಾಗುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ ಹುಟ್ಟಿದ ‘ಡೆತ್’ ಎಂಬ ತಂಡದ ಮೊದಲ ಆಲ್ಬಮ್ ‘ಸ್ಕ್ರೀಮ್ ಬ್ಲಡಿ ಗೋರ್’ 1987ರ ಮೇ ತಿಂಗಳಿನಲ್ಲಿ ಹೊರಬಂದಿತು. ಧ್ವನಿಮುದ್ರಣದ ಕಾಲಕ್ಕೆ ತಂಡದ ನಾಯಕ ಚಕ್ ಶುಲ್ಡಿನರ್‌ಗೆ ಕೇವಲ 19 ವರ್ಷ. ಗಾಯನ, ಗಿಟಾರ್, ಬೇಸ್ ಮೂರೂ ಆತನವೇ. ಡ್ರಮ್ ನುಡಿಸಿದವನು ಕ್ರಿಸ್ ರೈಫರ್ಟ್. ಕ್ಯಾಲಿಫೋರ್ನಿಯಾದ ‘ಪೊಸೆಸ್ಡ್’ ತಂಡದ ‘ಸೆವೆನ್ ಚರ್ಚಸ್’ (1985) ಆಲ್ಬಮ್ಮಿನೊಡನೆ ಇದನ್ನು ‘ಡೆತ್ ಮೆಟಲ್’ ಪ್ರಕಾರದ ಆದಿಕೃತಿಗಳಲ್ಲಿ ಎಣಿಸುವುದು ರೂಢಿ. ಹೆಣ, ನೆತ್ತರು, ಕರುಳುಗಳೇ ಇಲ್ಲಿನ ವಸ್ತು. ಹಲವು ಹಾಡುಗಳಿಗೆ ಭಯಾನಕ ಚಲನಚಿತ್ರಗಳೇ ಮೂಲ.

ಮೊದಲ ಬಾರಿ ಕೇಳುವವನಿಗೆ ಇದರಲ್ಲಿ ಒಂದು ಪದವೂ ತಿಳಿಯುವುದಿಲ್ಲ. ಗಿಟಾರಿನ ಶ್ರುತಿಯನ್ನು ವಾಡಿಕೆಗಿಂತ ತಗ್ಗಿಸಲಾಗಿದೆ. ಡ್ರಮ್ಮಿನ ಲಯ ಧಾವಿಸುತ್ತದೆ. ಕಂಠವು ಹಾಡುವುದಿಲ್ಲ, ಗಂಟಲಾಳದಿಂದ ಗರ್ಜಿಸುತ್ತದೆ. ಆದರೂ ಭಾವ ಮುಟ್ಟುತ್ತದೆ. ನಮ್ಮ ಲಾಕ್ಷಣಿಕರು ಇದನ್ನು ಓಜೋಗುಣವೆಂದು ಗುರುತಿಸುತ್ತಿದ್ದರು. ವೀರಕ್ಕಿಂತ ಬೀಭತ್ಸದಲ್ಲಿಯೂ, ಬೀಭತ್ಸಕ್ಕಿಂತ ರೌದ್ರದಲ್ಲಿಯೂ ಓಜಸ್ಸು ಹೆಚ್ಚೆಂದು ಮಮ್ಮಟನ ಮತ. ಒತ್ತಕ್ಷರ, ಮಹಾಪ್ರಾಣ, ದೀರ್ಘಸಮಾಸಗಳು ಕಾವ್ಯದಲ್ಲಿ ಮಾಡುವ ಕೆಲಸವನ್ನು ಇಲ್ಲಿ ತಗ್ಗಿದ ಶ್ರುತಿಯೂ ಗರ್ಜನೆಯೂ ಮಾಡುತ್ತವೆ. ರನ್ನನ ‘ಗದಾಯುದ್ಧ’ದಲ್ಲಿ ಭೀಮನ ಆರ್ಭಟಕ್ಕೆ ದುರ್ಯೋಧನನು ವೈಶಂಪಾಯನ ಸರೋವರದ ನೀರಿನೊಳಗೂ ಬೆವರುವುದನ್ನು ನೆನೆಯಬಹುದು. ಧ್ವನಿಯು ಅಲ್ಲಿ ಬುದ್ಧಿಗಿಂತ ಮೊದಲು ಮೈಯನ್ನು ತಾಕುತ್ತದೆ.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ವ್ಯತ್ಯಾಸ ತೊಡಗುತ್ತದೆ. ಸಂಜಯನೊಡನೆ ರಣಭೂಮಿಯನ್ನು ದಾಟುವ ದುರ್ಯೋಧನನು ಹೆಣಗಳ ನಡುವೆ ಎಡವುತ್ತ ನಡೆಯುತ್ತಾನೆ. ಆ ಹೆಣಗಳಿಗೆ ಹೆಸರುಗಳಿವೆ: ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಆದುದರಿಂದ ಅಲ್ಲಿ ಜುಗುಪ್ಸೆಯು ಶೋಕವಾಗಿ ಮಾರ್ಪಡುತ್ತದೆ. ‘ಸ್ಕ್ರೀಮ್ ಬ್ಲಡಿ ಗೋರ್’ನ ಹೆಣಗಳಿಗೆ ಹೆಸರಿಲ್ಲ. ಅಲ್ಲಿ ಹೇಸಿಗೆಯುಂಟು, ಕಸುವುಂಟು, ಅಳಲಿಲ್ಲ.

ಈ ಕೊರತೆಯನ್ನು ತುಂಬಿದವನು ಶುಲ್ಡಿನರನೇ. ಮರುವರ್ಷದ ‘ಲೆಪ್ರಸಿ’ಯಲ್ಲಿ (1988) ಕುಷ್ಠರೋಗದಿಂದ ಬಹಿಷ್ಕೃತರಾದವರೂ, ಯಂತ್ರಗಳ ಬಲದಿಂದಷ್ಟೇ ಉಸಿರಾಡುತ್ತ ಬಿಡುಗಡೆ ಬೇಡುವ ರೋಗಿಯೂ ಬರುತ್ತಾರೆ. ಗರ್ಜನೆ ಅದೇ, ಆದರೆ ಕೊಳೆಯುವ ದೇಹದೊಳಗೆ ಈಗ ನೋಯುವ ಒಬ್ಬ ಮನುಷ್ಯನಿದ್ದಾನೆ. 1991ರ ಆಲ್ಬಮ್ಮಿನ ಹೆಸರೇ ‘ಹ್ಯೂಮನ್’. ಮಿದುಳಿನ ಗೆಡ್ಡೆಯಿಂದ 2001ರಲ್ಲಿ ತೀರಿಕೊಂಡಾಗ ಆತನಿಗೆ 34 ವರ್ಷ. ಅಷ್ಟರಲ್ಲಿ ಈ ಪ್ರಕಾರ ಕನ್ನಡನಾಡನ್ನೂ ಮುಟ್ಟಿತ್ತು. ಬೆಂಗಳೂರಿನ ‘ಡೈಯಿಂಗ್ ಎಂಬ್ರೇಸ್’ ತಂಡ 1990ರ ದಶಕದಲ್ಲಿಯೇ ಇದನ್ನು ನಿಧಾನಗತಿಯ ‘ಡೂಮ್’ ಶೈಲಿಯೊಡನೆ ಬೆರೆಸಿ ನುಡಿಸುತ್ತಿತ್ತು.

ಬೀಭತ್ಸವನ್ನು ವಿವೇಚಿಸುವ ವಿದ್ಯಾರ್ಥಿಯು ಆಲಂಬನ, ಉದ್ದೀಪನಗಳನ್ನು ಪಟ್ಟಿಮಾಡಿದ ಮೇಲೆ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು: ಆ ದೇಹ ಯಾರದು? ಕೃತಿಯಲ್ಲಿ ಇದಕ್ಕೆ ಉತ್ತರವಿದ್ದರೆ ಹೇಸಿಗೆಯು ಕರುಣೆಗೋ ವೈರಾಗ್ಯಕ್ಕೋ ದಾರಿಯಾಗುತ್ತದೆ. ಇಲ್ಲದಿದ್ದರೆ ಹೇಸಿಗೆಯಾಗಿಯೇ ಉಳಿಯುತ್ತದೆ.