ಮೊಣಕಾಲುದ್ದ ಹಿಮದಲ್ಲಿ ನಡಿಗೆ

ನಾವು ಹಿಮವನ್ನು ಎಲ್ಲಿ ನೋಡಿದ್ದೇವೆ? ಸಿನಿಮಾದಲ್ಲಿ. ಕ್ಯಾಲೆಂಡರಿನ ಕೈಲಾಸದ ಚಿತ್ರದಲ್ಲಿ. ನೋಡಲು ಹತ್ತಿಯ ಹಾಗೆ ಬೆಳ್ಳಗೆ, ಮೆತ್ತಗೆ. ಆದರೆ ಅದರ ಮೇಲೆ ನಡೆಯುವುದು ಹೇಗಿರುತ್ತದೆ? 2020ರ ಜನವರಿಯಲ್ಲಿ ನಾವು ಐದು ಜನ ಗೆಳೆಯರು ನಡೆದು ನೋಡಿದೆವು. ಅಲ್ಲಿ ಕಲಿತದ್ದನ್ನು ನಿಮಗೆ ಹೇಳುತ್ತೇವೆ.

ಎಲ್ಲಿದೆ ಈ ಬೆಟ್ಟ?

ಬೆಟ್ಟದ ಹೆಸರು ಕೇದಾರಕಂಠ. ಉತ್ತರಾಖಂಡ ರಾಜ್ಯದ ಉತ್ತರಕಾಶಿ ಜಿಲ್ಲೆಯಲ್ಲಿದೆ. ಎತ್ತರ ಸುಮಾರು 12,500 ಅಡಿ. ಡೆಹ್ರಾಡೂನ್ ಪಟ್ಟಣದಿಂದ ಸುಮಾರು 200 ಕಿಲೋಮೀಟರ್ ಹೋದರೆ ಸಾಂಕ್ರಿ ಎಂಬ ಹಳ್ಳಿ ಸಿಗುತ್ತದೆ. ನಡಿಗೆ ಅಲ್ಲಿಂದಲೇ ಶುರು.

ಒಂದು ವಿಷಯ ಗೊತ್ತೆ? ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ತುದಿ ಎಷ್ಟು ಎತ್ತರವೋ, ಸಾಂಕ್ರಿ ಊರೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯಲ್ಲಿ ಹಿಮ ಬೀಳುವುದಿಲ್ಲ. ಸಾಂಕ್ರಿಯಲ್ಲಿ ಬೀಳುತ್ತದೆ. ಯಾಕೆ? ಸಾಂಕ್ರಿ ಬಹಳ ಉತ್ತರಕ್ಕಿದೆ. ಚಳಿಗಾಲದಲ್ಲಿ ಅಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ಹಗಲೂ ಚಿಕ್ಕದು. ಅದಕ್ಕೇ ಅಷ್ಟು ಚಳಿ. ಇನ್ನೂ ಮೇಲಕ್ಕೆ ಹೋದಂತೆ ಚಳಿ ಹೆಚ್ಚುತ್ತದೆ. ಉಸಿರಾಡುವ ಗಾಳಿಯೂ ತೆಳುವಾಗುತ್ತದೆ.

ಕಾಲು ಹೂತುಹೋಗುತ್ತದೆ

ಹೊಸದಾಗಿ ಬಿದ್ದ ಹಿಮ ರವೆಯ ಹಾಗೆ ಪುಡಿಪುಡಿ. ಅದರಲ್ಲಿ ಗಾಳಿಯೇ ಹೆಚ್ಚು. ಹತ್ತು ಕೊಡ ಹಿಮ ಕರಗಿಸಿದರೆ ಸುಮಾರು ಒಂದು ಕೊಡ ನೀರು ಸಿಗುತ್ತದೆ, ಅಷ್ಟೇ. ಅಂಥ ಹಿಮದ ಮೇಲೆ ಕಾಲಿಟ್ಟರೆ ಮೊಣಕಾಲಿನವರೆಗೆ ಒಳಗೆ ಹೋಗುತ್ತದೆ. ನಾಟಿ ಗದ್ದೆಯ ಕೆಸರಿನಲ್ಲಿ ನಡೆದವರಿಗೆ ಈ ಕಷ್ಟ ಗೊತ್ತು. ಕಾಲನ್ನು ಕಿತ್ತು ಕಿತ್ತು ಇಡಬೇಕು. ಅದೂ ಏರು ದಾರಿಯಲ್ಲಿ!

ನಮಗೆ ದಾರಿ ತೋರಿಸಿದವರು ಸಾಂಕ್ರಿಯವರೇ. ಅವರು ಒಂದು ಉಪಾಯ ಹೇಳಿಕೊಟ್ಟರು. ಮುಂದೆ ಹೋಗುವವರು ಹಿಮ ತುಳಿದು ಹೆಜ್ಜೆ ಮಾಡಬೇಕು. ಹಿಂದಿನವರು ಅದೇ ಹೆಜ್ಜೆಯಲ್ಲಿ ಕಾಲಿಡಬೇಕು. ಮುಂದಿನವರಿಗೆ ಬೇಗ ದಣಿವಾಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತಿಗೊಮ್ಮೆ ಸರದಿ ಬದಲಾಯಿಸಬೇಕು. "ನಿಂತರೆ ಚಳಿ, ಓಡಿದರೆ ಬೆವರು. ಎರಡೂ ಬೇಡ" ಎಂದರು ಅವರು.

ಬೆವರಿದರೆ ಏನಾಗುತ್ತೆ? ಒಳಗಿನ ಬಟ್ಟೆ ಒದ್ದೆಯಾಗುತ್ತದೆ. ಒದ್ದೆ ಬಟ್ಟೆ ಮೈಯ ಶಾಖವನ್ನು ಎಳೆದುಬಿಡುತ್ತದೆ. ಹತ್ತಿ ಬಟ್ಟೆ ಬೇಗ ಒಣಗುವುದಿಲ್ಲ. ಉಣ್ಣೆ ಹಾಗಲ್ಲ, ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಮಳೆಯಲ್ಲಿ ಕುರಿ ಕಾಯುವವರು ಕಂಬಳಿ ಹೊದೆಯುವುದು ಯಾಕೆಂದು ನಮಗೆ ಆಗ ಅರ್ಥವಾಯಿತು. ಕಪ್ಪು ಕನ್ನಡಕವೂ ಬೇಕು. ಹಿಮ ಬಿಸಿಲನ್ನು ಕನ್ನಡಿಯಂತೆ ಕಣ್ಣಿಗೆ ಎರಚುತ್ತದೆ. ಕನ್ನಡಕ ಇಲ್ಲದಿದ್ದರೆ ಕಣ್ಣು ಉರಿದು, ಕೆಲವು ಕಾಲ ಕಾಣದೇ ಹೋಗಬಹುದು.

ಆ ಬೆಳಗಿನ ಜಾವ

ಮೂರನೆಯ ದಿನ ತುದಿಗೆ ಹೋಗಬೇಕಿತ್ತು. ಬೆಳಗಿನ ಜಾವ ಮೂರು ಗಂಟೆಗೆ ಗುಡಾರ ಬಿಟ್ಟೆವು. ಬಿಸಿಲು ಏರಿದರೆ ಹಿಮ ಮೆತ್ತಗಾಗಿ ಕಾಲು ಇನ್ನೂ ಹೂಳುತ್ತದೆ. ಅದಕ್ಕೇ ಅಷ್ಟು ಬೇಗ ಹೊರಡುವುದು.

ಎರಡು ಗಂಟೆ ನಡೆದೆವು. ಗಾಳಿ ಜೋರಾಯಿತು. ನಮ್ಮ ಗೆಳೆಯನೊಬ್ಬ ಹಿಂದೆ ಬೀಳತೊಡಗಿದ. ಮಾತಾಡಿಸಿದರೆ ನಾಲಿಗೆ ತೊದಲುತ್ತಿತ್ತು. ಹೆಜ್ಜೆ ತಪ್ಪುತ್ತಿತ್ತು. "ನನಗೇನೂ ಆಗಿಲ್ಲ, ನಡೀರಿ" ಅಂತಲೇ ಇದ್ದ. ನಾವೂ ನಂಬಿದೆವು. ದಾರಿ ತೋರಿಸುವವರು ನಂಬಲಿಲ್ಲ. ಅವನ ಮುಖಕ್ಕೆ ಬ್ಯಾಟರಿ ಬಿಟ್ಟು ನೋಡಿದರು. "ಇನ್ನು ಮೇಲೆ ಹೋಗೋದು ಬೇಡ" ಎಂದರು.

ನಮ್ಮ ಮೈಯ ಶಾಖ ಸಾಮಾನ್ಯವಾಗಿ 37 ಡಿಗ್ರಿ. ಅದು 35ಕ್ಕಿಂತ ಕೆಳಗೆ ಇಳಿದರೆ ಅಪಾಯ. ಆಗ ಬುದ್ಧಿಗೂ ಮಂಕು ಕವಿಯುತ್ತದೆ. ಅದಕ್ಕೇ ಚಳಿ ಹಿಡಿದವನಿಗೆ ತನಗೆ ಏನಾಗಿದೆ ಎಂಬುದೇ ತಿಳಿಯುವುದಿಲ್ಲ. ಜೊತೆಯವರೇ ನೋಡಿ ತಿಳಿಯಬೇಕು.

ಗಾಳಿ ತಾಗದ ಮರೆಯಲ್ಲಿ ಅವನನ್ನು ಕೂರಿಸಿದೆವು. ಕೆಳಗೆ ಚೀಲ ಹಾಸಿದೆವು. ಒದ್ದೆ ಬಟ್ಟೆ, ಕಾಲುಚೀಲ ಬದಲಿಸಿದೆವು. ಕೈಗಳನ್ನು ಅವನ ಕಂಕುಳಲ್ಲೇ ಇಡಿಸಿದೆವು. ಸಕ್ಕರೆ ಹಾಕಿದ ಬಿಸಿ ಚಹಾ ಗುಟುಕು ಗುಟುಕಾಗಿ ಕುಡಿಸಿದೆವು. ಒಬ್ಬರು ಬೆರಳು ತಿಕ್ಕಲು ಹೋದಾಗ ದಾರಿ ತೋರಿಸುವವರು ತಡೆದರು. ಮರಗಟ್ಟಿದ ಬೆರಳನ್ನು ತಿಕ್ಕಬಾರದು, ಬೆಂಕಿಗೂ ಹಿಡಿಯಬಾರದು. ಚರ್ಮ ಹಾಳಾಗುತ್ತದೆ. ಹೆಂಡವಂತೂ ಕೊಡಲೇಬಾರದು. ಕುಡಿದವನಿಗೆ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ.

ತುದಿ ಕಣ್ಣಿಗೆ ಕಾಣುತ್ತಿತ್ತು. ಇನ್ನೊಂದು ಗಂಟೆಯ ದಾರಿ. "ಇಷ್ಟು ದೂರ ಬಂದು ವಾಪಸ್ಸಾ?" ಎಂದು ನಮ್ಮಲ್ಲೊಬ್ಬರು ಕೇಳಿಯೇಬಿಟ್ಟರು. ದಾರಿ ತೋರಿಸುವವರು ಸಿಟ್ಟಾಗಲಿಲ್ಲ. "ಹತ್ತೋದಕ್ಕೆ ಮಾತ್ರ ಅಲ್ಲ, ಇಳಿಯೋದಕ್ಕೂ ಕಾಲು ಬೇಕಲ್ಲ?" ಎಂದರು.

ನಾವು ಇಳಿದೆವು. ಗುಡಾರ ಸೇರುವ ಹೊತ್ತಿಗೆ ಗೆಳೆಯನ ಮಾತು ಸರಿಹೋಗಿತ್ತು. ಸಾಂಕ್ರಿಗೆ ಬಂದ ಮೇಲೆ ಅವನು ಕೇಳಿದ: "ನಾನು ಅಷ್ಟೊಂದು ತೊದಲಿದೆನಾ? ನನಗೆ ನೆನಪೇ ಇಲ್ಲ."

ಕೇದಾರಕಂಠದ ತುದಿಯನ್ನು ನಾವು ಇನ್ನೂ ಮುಟ್ಟಿಲ್ಲ. ಐದು ಜನ ಹೋದೆವು, ಐದು ಜನವೂ ಮನೆಗೆ ಬಂದೆವು.

ಓದಿದಿರಲ್ಲ, ಈಗ ಮಾತಾಡಿ

1. ಮುಂದೆ ನಡೆಯುವವರ ಸರದಿ ಬದಲಾಯಿಸುವುದು ಯಾಕೆ?
2. ಚಳಿ ಹಿಡಿದವನ ಮಾತನ್ನು ನಂಬಬಾರದು. ಕಾರಣ ಏನು?
3. ನೀವು ಆ ಜಾಗದಲ್ಲಿದ್ದರೆ ಮೇಲೆ ಹೋಗುತ್ತಿದ್ದಿರಾ, ಕೆಳಗೆ ಇಳಿಯುತ್ತಿದ್ದಿರಾ?