ಯಾವ ಕೋಳಿ ಸಾಕೋಣ?



ಗಡಹಿಂಗ್ಲಜ ಕಡೆಯ ಒಬ್ಬ ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಯುಗಾದಿ ಮುಗಿದ ಮೇಲೆ ಅವರು ಬಚತ ಗಟದಿಂದ ಸಾಲ ತೆಗೆದು ಹತ್ತು ಕೋಳಿಮರಿ ಕೊಂಡರು. ಮರಿ ಮಾರುವವನು ಓಣಿಗೇ ಬಂದಿದ್ದ. ತಳಿ ಯಾವುದು ಎಂದು ಕೇಳಲಿಲ್ಲ. ಬಿಳಿ ಮರಿಗಳು ಬೇಗ ದಪ್ಪಗಾದವು. ಮೇ ಕೊನೆಗೆ ಮೋಡ ಕವಿದು ಧಗೆ ಹೆಚ್ಚಿತು. ತಗಡಿನ ಗೂಡಿನಲ್ಲಿ ಕೋಳಿಗಳು ಬಾಯಿ ತೆರೆದು ತೇಕಿದವು. ಎರಡು ದಿನದಲ್ಲಿ ಆರು ಸತ್ತವು.

"ಏನು ರೋಗ ಬಂತ್ರಿ?" ಎಂದು ಅಕ್ಕ ದನದ ದವಾಖಾನೆಯಲ್ಲಿ ಕೇಳಿದರು.

"ರೋಗ ಅಲ್ಲವ್ವ, ಸೆಕೆ. ಇವು ಬ್ರಾಯ್ಲರ್ ಮರಿ. ಹಿತ್ತಲಿಗೆ ಇವು ಆಗೂದಿಲ್ಲ" ಎಂದರು ಡಾಕ್ಟರು.

ಕೋಳಿ ಹೋದವು. ಸಾಲ ಉಳಿಯಿತು. ಅದಕ್ಕೇ ಮರಿ ಕೊಳ್ಳುವ ಮೊದಲು ಈ ಪಾಠ ಓದೋಣ.

ಕೋಳಿಗೆ ಸೆಕೆ ಏಕೆ ಕಷ್ಟ?

ನಮಗೆ ಬೆವರು ಬರುತ್ತದೆ. ಬೆವರು ಆರಿದರೆ ಮೈ ತಂಪಾಗುತ್ತದೆ. ಕೋಳಿ ಬೆವರುವುದಿಲ್ಲ. ಅದು ಬಾಯಿ ತೆರೆದು ತೇಕುತ್ತದೆ. ಬಾಯಿಯ ತೇವ ಆರಿ ಮೈ ತಂಪಾಗುತ್ತದೆ. ಆದರೆ ಗಾಳಿಯಲ್ಲೇ ತೇವ ತುಂಬಿದ್ದರೆ? ಅಂಥ ದಿನ ಒಗೆದ ಬಟ್ಟೆ ಬೇಗ ಒಣಗುವುದಿಲ್ಲ. ಹಾಗೆಯೇ ಕೋಳಿಯ ಬಾಯಿಯ ತೇವವೂ ಆರುವುದಿಲ್ಲ. ಮೈ ಭಾರ ಇದ್ದಷ್ಟೂ ಕಷ್ಟ ಹೆಚ್ಚು. ಪುಕ್ಕ ಕಡಿಮೆ ಇದ್ದರೆ ಸುಲಭ. ಬೋಳು ಕುತ್ತಿಗೆಯ ಜವಾರಿ ಕೋಳಿ ಸೆಕೆ ತಡೆಯುವುದು ಇದರಿಂದಲೇ.

ತತ್ತಿಗೂ ಮಾಂಸಕ್ಕೂ ಆಗುವ ಕೋಳಿಗಳು

ಜವಾರಿ: ವರ್ಷಕ್ಕೆ ಸುಮಾರು 50 ರಿಂದ 60 ತತ್ತಿ ಇಡುತ್ತದೆ. ಮೈ ಹಗುರ. ತಾನೇ ಮೇಯುತ್ತದೆ. ತಾನೇ ಕಾವಿಗೆ ಕೂತು ಮರಿ ಮಾಡುತ್ತದೆ.

ಗಿರಿರಾಜ: ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ತಳಿ. ವರ್ಷಕ್ಕೆ ಸುಮಾರು 130 ರಿಂದ 150 ತತ್ತಿ. ಮಾಂಸ ಚೆನ್ನಾಗಿ ಬರುತ್ತದೆ. ಆದರೆ ಮೈ ಭಾರ. ಸೆಕೆಯಲ್ಲಿ ನೆರಳು ಬೇಕೇ ಬೇಕು. ನಾಯಿ, ಕಾಡುಬೆಕ್ಕು ಬಂದರೆ ಬೇಗ ಓಡಲಾರದು.

ಸ್ವರ್ಣಧಾರ: ಇದೂ ಹೆಬ್ಬಾಳದ್ದೇ. 2005ರಲ್ಲಿ ಬಂತು. ಗಿರಿರಾಜಕ್ಕಿಂತ ಮೈ ಹಗುರ, ತತ್ತಿ ಹೆಚ್ಚು.

ವನರಾಜ: ಹೈದರಾಬಾದಿನ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ಸಂಸ್ಥೆಯದು. ವರ್ಷಕ್ಕೆ ಸುಮಾರು 100 ತತ್ತಿ. ಹುಂಜ ಮಾಂಸಕ್ಕೆ ಒಳ್ಳೆಯದು.

ಗ್ರಾಮಪ್ರಿಯ: ಇದೂ ಹೈದರಾಬಾದಿನದೇ. ತತ್ತಿಯೇ ಮುಖ್ಯ ಎನ್ನುವವರಿಗೆ ಇದು ಒಳ್ಳೆಯದು. ವರ್ಷಕ್ಕೆ 150ಕ್ಕಿಂತ ಹೆಚ್ಚು ತತ್ತಿ ಇಡುತ್ತದೆ.

ತತ್ತಿಯ ಲೆಕ್ಕ ಎಲ್ಲರ ಮನೆಯಲ್ಲೂ ಒಂದೇ ಇರುವುದಿಲ್ಲ. ಮೇವು, ಆರೈಕೆ ನೋಡಿ ಏರುತ್ತದೆ, ಇಳಿಯುತ್ತದೆ.

ಜವಾರಿ ಕೋಳಿ ಮಾರಬ್ಯಾಡ್ರಿ

ಹೊಸ ತಳಿ ಬಂತೆಂದು ಕೆಲವರು ಮನೆಯ ಜವಾರಿ ಕೋಳಿಯನ್ನೆಲ್ಲ ಮಾರಿಬಿಡುತ್ತಾರೆ. ಇದು ತಪ್ಪು. ಗಿರಿರಾಜ, ವನರಾಜ ಕೋಳಿಗಳು ಕಾವಿಗೆ ಕೂರುವುದು ಬಹಳ ಅಪರೂಪ. ಅವುಗಳ ತತ್ತಿಯಿಂದ ಮನೆಯಲ್ಲೇ ಮರಿ ಮಾಡಿದರೂ ಆ ಮರಿಯಲ್ಲಿ ತಾಯಿಯ ಎಲ್ಲ ಗುಣ ಬರುವುದಿಲ್ಲ. ಪ್ರತಿ ಸಲ ಹೊಸ ಮರಿ ಕೊಳ್ಳಬೇಕು. ಅದಕ್ಕೆ ದುಡ್ಡು ಬೇಕು. ಒಂದು ವರ್ಷ ದುಡ್ಡು ಇಲ್ಲದಿದ್ದರೆ ಗೂಡು ಖಾಲಿ. ಜವಾರಿ ಕೋಳಿ ಮಾತ್ರ 10-12 ತತ್ತಿಯ ಮೇಲೆ 21 ದಿನ ಕೂತು ಮರಿ ಕೊಡುತ್ತದೆ. ಆದ್ದರಿಂದ ಎರಡು ಜವಾರಿ ಇರಲಿ, ಜೊತೆಗೆ ನಾಲ್ಕೈದು ಹೊಸ ತಳಿ ಇರಲಿ.

ಮರಿಯನ್ನು ಎಲ್ಲಿ ಕೊಳ್ಳಬೇಕು? ಕೊಲ್ಹಾಪುರದಲ್ಲಿ ಸರ್ಕಾರದ ಕೋಳಿಮರಿ ಕೇಂದ್ರ ಇದೆ. ಯಾವ ಮರಿ ಸಿಗುತ್ತದೆ ಎಂದು ಅಲ್ಲಿ, ಇಲ್ಲವೇ ಹತ್ತಿರದ ದನದ ದವಾಖಾನೆಯಲ್ಲಿ ವಿಚಾರಿಸಿರಿ. ತಳಿಯ ಹೆಸರು ಕೇಳಿ ಬರೆದುಕೊಳ್ಳಿರಿ.

ನೆನಪಿಡಿ

1. ಮೊದಲ ಆರು ವಾರ ಮರಿಯನ್ನು ಹೊರಗೆ ಬಿಡಬೇಡಿ. ಚಿಕ್ಕ ಮರಿಗೆ ಬಲ್ಬಿನ ಕಾವು ಬೇಕು.
2. ಕೊಕ್ಕರೆ ರೋಗ ಬಂದರೆ ಗೂಡೇ ಬರಿದಾಗುತ್ತದೆ. ಮೊದಲ ವಾರ, ನಾಲ್ಕನೇ ವಾರ, ಎಂಟನೇ ವಾರ ಲಸಿಕೆ ಹಾಕಿಸಿ.
3. ಬೇಸಿಗೆಯಲ್ಲಿ ತಗಡಿನ ಮೇಲೆ ಕಬ್ಬಿನ ರವದಿ ಹೊದಿಸಿ. ಇಚಲಕರಂಜಿಯಂಥ ಊರಲ್ಲಿ ಜಾಗ ಚಿಕ್ಕದು. ಅಲ್ಲಿ ಗೂಡಿನಲ್ಲಿ ಗಾಳಿ ಆಡಬೇಕು, ಕೋಳಿ ಕಡಿಮೆ ಇರಬೇಕು.
4. ತಂಪು ನೀರು ಯಾವಾಗಲೂ ಇರಲಿ. ಕಾಳು ಹಾಕುವುದಾದರೆ ಮುಂಜಾನೆ, ಸಂಜೆ ಹಾಕಿ. ಸುಡುಬಿಸಿಲಲ್ಲಿ ಬೇಡ.
5. ಮಳೆಗಾಲದಲ್ಲಿ ಗೂಡಿನ ನೆಲ ಒಣಗಿರಲಿ. ಹಸಿಯಾದ ಹೊಟ್ಟು ತೆಗೆದು ಹೊಸದು ಹಾಕಿ. ಹಸಿ ನೆಲದಿಂದ ಮರಿಗಳಿಗೆ ರಕ್ತಭೇದಿ ಬರುತ್ತದೆ.
6. ಹೆಣ್ಣು ಕೋಳಿಗೆ ಅತಿಯಾಗಿ ತಿನ್ನಿಸಬೇಡಿ. ಕೊಬ್ಬಿದರೆ ತತ್ತಿ ಕಡಿಮೆಯಾಗುತ್ತದೆ, ಸೆಕೆಯೂ ತಡೆಯುವುದಿಲ್ಲ.

ಆ ಅಕ್ಕ ಈಗ ಎರಡು ಜವಾರಿ, ನಾಲ್ಕು ಗಿರಿರಾಜ ಕೋಳಿ ಸಾಕಿದ್ದಾರೆ. ಲಸಿಕೆಯ ತಾರೀಖನ್ನು ಗೂಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದಿದ್ದಾರೆ. ಯಾರಿಂದಲೂ ಬರೆಸಿಲ್ಲ. ತಾವೇ ಬರೆದಿದ್ದಾರೆ.

ಓದಿ, ಉತ್ತರ ಬರೆಯಿರಿ

1. ಕೋಳಿ ಮೈ ತಂಪು ಮಾಡಿಕೊಳ್ಳುವುದು ಹೇಗೆ?
2. ಮನೆಯಲ್ಲಿ ಜವಾರಿ ಕೋಳಿ ಏಕೆ ಇರಬೇಕು?
3. ಒಂದು ಜವಾರಿ ಕೋಳಿ 50 ತತ್ತಿ, ಒಂದು ಗಿರಿರಾಜ 130 ತತ್ತಿ ಇಟ್ಟರೆ, ಆ ಅಕ್ಕನಿಗೆ ವರ್ಷಕ್ಕೆ ಒಟ್ಟು ಎಷ್ಟು ತತ್ತಿ?